ಚೀಲದಲ್ಲಿ ಹಿಡಿದ ಉಸಿರು

ಬಂಗಾರಪೇಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ನಂದಿದುರ್ಗ ಚಿನ್ನದ ಗಣಿಯ ಕೆಲಸದವರ ಲೈನು ಮನೆಗೆ ಬಂದ ನಾನು, ಪಕ್ಕದ ಮನೆಯಾಕೆಯಿಂದ ತಮಿಳು ಕಲಿತೆ. ಆಕೆ ನನ್ನಿಂದ ಅರ್ಧಂಬರ್ಧ ಕನ್ನಡ ಕಲಿತಳು. ಅರವತ್ತರ ದಶಕದ ಮೊದಲಲ್ಲಿ ಆ ಕಲಿಕೆಯೇ ನನ್ನನ್ನು ಒಂದು ಬೆಳಿಗ್ಗೆ ನಡುಗಿಸಿಬಿಟ್ಟಿತು.

ಗಣಿಯ ತಳದ ಸೆಕೆ ಕೆಲಸದವರ ಮೈಗೆ ಏನು ಮಾಡುತ್ತದೆಂದು ತಿಳಿಯಲು ಡಾಕ್ಟರೊಬ್ಬರು ಬಂದಿದ್ದರು. ನಮ್ಮ ಯಜಮಾನರನ್ನೂ ಪರೀಕ್ಷೆಗೆ ಕರೆದಿದ್ದರು. ಅವರು ಹೊರಟ ಮೇಲೆ ಪಕ್ಕದಾಕೆ ನಲ್ಲಿಯ ಹತ್ತಿರ ಓಡಿಬಂದಳು.

"ಅಕ್ಕಾ, ಅಂದ ಡಾಕ್ಟರ್ ಪೈಯಿಲೆ ಉಯಿರೆ ಪುಡಿಕ್ಕಿರಾರಾಮ್. ನಾನೇ ಕೇಟ್ಟೇನ್."

ತಮಿಳಿನಲ್ಲಿ ಉಯಿರು ಅಂದರೆ ಜೀವ. ಡಾಕ್ಟರು ಚೀಲದಲ್ಲಿ ಜೀವ ಹಿಡಿಯುತ್ತಾರಂತೆ, ಆಕೆಯೇ ಕಿವಿಯಾರೆ ಕೇಳಿದಳಂತೆ. 'ಕೋಲಾರಮ್ಮಾ, ನನ್ನ ಕುಂಕುಮ ಉಳಿಸವ್ವ' ಎನ್ನುತ್ತಾ ಕೊಡ ಅಲ್ಲೇ ಬಿಟ್ಟು ಓಡಿದೆ. ಆಕೆಯೂ ಹಿಂದೆಯೇ ಬಂದಳು.

ಆಸ್ಪತ್ರೆಯ ಜಗಲಿಯಲ್ಲಿ ಯಜಮಾನರು ಮರದ ಮಣೆಯೊಂದನ್ನು ಹತ್ತಿ ಇಳಿಯುತ್ತಿದ್ದರು. ಮೂಗಿಗೆ ಕ್ಲಿಪ್ಪು, ಬಾಯಲ್ಲಿ ಕೊಳವೆ, ಬೆನ್ನ ಮೇಲೆ ಉಬ್ಬುತ್ತಿದ್ದ ರಬ್ಬರ್ ಚೀಲ.

"ಬಿಟ್ಬಿಡಿ ಸ್ವಾಮಿ, ಜೀವ ತೆಗೀಬ್ಯಾಡಿ" ಎಂದೆ. ಮಾತಾಡಲಾಗದೆ ಯಜಮಾನರು ಕಣ್ಣಲ್ಲೇ ಗದರಿದರು.

ಡಾಕ್ಟರು ನಕ್ಕರು. "ಹಿಡಿಯೋದು ಉಸಿರಮ್ಮ. ಸೂಜಿ ಇಲ್ಲ, ಕತ್ತರಿ ಇಲ್ಲ."

ನಮ್ಮ ಕನ್ನಡದ ಉಸಿರು ಆಕೆಯ ಕಿವಿಯಲ್ಲಿ ಉಯಿರಾಗಿ, ನನ್ನ ಹತ್ತಿರ ಬರುವಷ್ಟರಲ್ಲಿ ಜೀವವಾಗಿತ್ತು. "ಮೂಚ್ಚಾ?" ಎಂದು ಆಕೆ ತನ್ನ ಭಾಷೆಯ ಉಸಿರನ್ನು ಕೇಳಿ ಖಾತ್ರಿ ಮಾಡಿಕೊಂಡಳು. "ಅಡ, ಇದುಕ್ಕಾ ಇಷ್ಟು ದೂರ ಓಡ್ಸುದ್ರಿ ಅಕ್ಕಾ?"

ಹೆದರಿಕೆ ಹೋದ ಮೇಲೆ ನನಗೆ ಕುತೂಹಲ. ಉಸಿರನ್ನು ನೋಡಿ ಏನು ತಿಳಿಯುತ್ತದೆ ಎಂದು ಕೇಳಿದೆ.

"ಒಲೆ ಹೇಗೆ ಉರೀತಿದೆ ಅಂತ ಹೊಗೆ ನೋಡಿ ಹೇಳಲ್ವೇನಮ್ಮ? ಹಾಗೆ" ಎಂದರು ಡಾಕ್ಟರು.

ಇದು ನನಗೆ ಅರ್ಥವಾಯಿತು. ಮೈ ಕೊಯ್ಯದೆ ಒಳಗಿನದನ್ನು ಓದುವ ಬುದ್ಧಿಯನ್ನೂ ದೇವರೇ ಕೊಟ್ಟಿದ್ದಲ್ಲವೇ.

"ಅಳ್ದಾದ್ಮೇಲೆ ಇದನ್ನೇನ್ ಮಾಡ್ತೀರ ಸ್ವಾಮಿ?"

"ಗಾಳಿಗೆ ಬಿಡ್ತೀವಿ."

"ಹಂಗಾದ್ರೆ ಈ ಕಡೀಕ್ ಬಿಡಿ, ನೋಡಾನ."

ಅಳತೆ ಮುಗಿದ ಮೇಲೆ ಡಾಕ್ಟರು ಚೀಲದ ಬಾಯನ್ನು ನನ್ನ ಅಂಗೈಗೆ ಹಿಡಿದು ಮೆಲ್ಲಗೆ ಒತ್ತಿದರು. ರಬ್ಬರಿನ ವಾಸನೆಯ ಜೊತೆ ಬೀಡಿಯ ವಾಸನೆ ಬಂತು.

ಕೊಳವೆ ತೆಗೆದ ಯಜಮಾನರು, "ಲೈನೆಲ್ಲಾ ನಗ್ತದೆ ಕಣೇ, ಮನೀಗ್ ಓಗು" ಎಂದರು.

"ಬೀಡಿ ಬಿಟ್ಟೆ ಅಂತ ಆಂಜನೇಯನ್ ಮುಂದೆ ಕರ್ಪೂರ ಅಚ್ಚಿದ್ರಲ್ಲ?"

ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಎದುರಿಗೆ ನಿಂತಿದ್ದರು. ದಾರಿಯುದ್ದಕ್ಕೂ ನಾನು ಬೈಯಲು ಮನುಷ್ಯ ಜೊತೆಗಿದ್ದಾನಲ್ಲ ಎಂದು ಕೋಲಾರಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ.