ಅಕ್ಕನಿಗೆ ಹೇಳದೆ ಉಳಿದದ್ದು

ಸಂಕ್ರಾಂತಿಗೆಂದು ಹೆಂಡತಿ ಎಳ್ಳು ಹುರಿಯುತ್ತಿದ್ದಳು. ಆ ವಾಸನೆ ಹಜಾರಕ್ಕೆ ಬಂದದ್ದೇ ನಾನು ಎದ್ದು ಹಿತ್ತಲಿಗೆ ಹೋದೆ. ಪ್ರತಿ ವರ್ಷವೂ ಹೀಗೇ. ನನಗೆ ಹೊಗೆ ಆಗುವುದಿಲ್ಲ ಎಂದುಕೊಂಡಿದ್ದಾಳೆ ಅವಳು. ಆಗದಿರುವುದು ಎಳ್ಳು. ಬದುಕಿದ್ದ ಅಕ್ಕನಿಗೆ ಎಳ್ಳುನೀರು ಬಿಟ್ಟ ಕೈ ನನ್ನದು.

ನಮ್ಮದು ಹುಣಸೂರಿನ ಆಚೆ ಹೊಗೆಸೊಪ್ಪು ಬೆಳೆಯುವ ಊರು. ಅವ್ವನಿಗೆ ಉಬ್ಬಸ. ನನ್ನನ್ನು ಸಾಕಿದವಳು ಅಕ್ಕನೇ. ಏಳನೇ ಕ್ಲಾಸಿಗೆ ನಾನು ಸ್ಕೂಲು ಬಿಟ್ಟ ಮೇಲೆ ಇಬ್ಬರೂ ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದೆವು. ಅವಳ ಕೈ ಚುರುಕು, ಬಾಯಿ ಇನ್ನೂ ಚುರುಕು. "ಎಲೆ ಕಟ್ಲಾ ಅಂದ್ರೆ ಎಂಡ್ತಿಗೆ ಜಡೆ ಆಕ್ದಂಗೆ ಕೂತವ್ನೆ ನೋಡು" ಎಂದು ನಗುತ್ತಿದ್ದಳು. ಅಂಟು ಹತ್ತಿ ಕಪ್ಪಾದ ಬೆರಳಿನಲ್ಲೇ ನನ್ನ ಕೆನ್ನೆಗೆ ಗೆರೆ ಎಳೆಯುತ್ತಿದ್ದಳು...

ಒಂದು ವರ್ಷ ಬ್ಯಾರನ್ನಿನ ಗೋಡೆ ಬಿರುಕು ಬಿಟ್ಟು, ಅದನ್ನು ಕಟ್ಟಲು ಎಚ್.ಡಿ. ಕೋಟೆ ಕಡೆಯ ಗಾರೆ ಕೆಲಸದವನೊಬ್ಬ ಬಂದ. ಕ್ರೈಸ್ತ. ಅಕ್ಕ ಅವನನ್ನು ಮದುವೆಯಾಗಿ ಅವನ ಊರಿಗೆ ಹೋದಳು. ಅಪ್ಪ ಮಗಳು ಸತ್ತಳೆಂದು ಊರಿಗೆಲ್ಲ ಹೇಳಿ ನನ್ನನ್ನು ಕೆರೆಯ ಮೆಟ್ಟಿಲಿಗೆ ಕರೆದುಕೊಂಡು ಹೋದ. "ಬುಡು ನೀರ" ಅಂದ. ಬಿಟ್ಟೆ. ಆಗಿನ್ನೂ ಮೀಸೆ ಮೂಡುತ್ತಿದ್ದ ವಯಸ್ಸು, ಅಪ್ಪನೆಂದರೆ ನಡುಕ. ಅದನ್ನು ಯಾರಾದರೂ ಮನ್ನಿಸಿಯಾರು. ಮುಂದೆ ನಾನು ಮಾಡಿದ್ದಕ್ಕೆ ಆ ನೆಪವೂ ಇಲ್ಲ.

ಅಪ್ಪ ಹೋದ ಎಷ್ಟೋ ವರ್ಷದ ಮೇಲೆ ಅವ್ವ ಹಾಸಿಗೆ ಹಿಡಿದಳು. ಕೊನೆಗೆ ಹಗಲು ಯಾವುದು ಇರುಳು ಯಾವುದು ಅವಳಿಗೆ ತಿಳಿಯುತ್ತಿರಲಿಲ್ಲ. ಗಂಜಿ ಬಾಯಿಗಿಟ್ಟರೆ, "ದೊಡ್ಡವಳು ಉಂಡ್ಲೇನ್ಲಾ?" ಎನ್ನುತ್ತಿದ್ದಳು. "ಉಂಡ್ಲು ಕಣವ್ವ" ಅಂದರೆ ಮಾತ್ರ ಬಾಯಿ ತೆರೆಯುತ್ತಿದ್ದಳು. ಅಕ್ಕನಿಗೆ ಹೇಳಿ ಕಳಿಸಬಹುದಿತ್ತು. ಬೀದಿಯ ಜನಕ್ಕೆ ಹೆದರಿ ಕಳಿಸಲಿಲ್ಲ.

ಅವ್ವ ತೀರಿಕೊಂಡ ಸುದ್ದಿ ಯಾರಿಂದಲೋ ತಿಳಿದು ಅಕ್ಕ ಬಸ್ಸು ಹಿಡಿದು ಬಂದಳು. ಕೈಯಲ್ಲಿ ಸೇವಂತಿಗೆ ಹಾರ. ಹೆಣ ಇನ್ನೂ ಎತ್ತಿರಲಿಲ್ಲ. ಜಗಲಿಯ ಮೇಲಿದ್ದವರೆಲ್ಲ ನನ್ನ ಮುಖ ನೋಡಿದರು. ನಾನು ಬೀದಿಗಿಳಿದು ಅಡ್ಡ ನಿಂತೆ.

"ಎಳ್ಳುನೀರು ಬುಡಿಸ್ಕಂಡೋರ್ಗೆ ಇಲ್ಲಿ ಬಾಗ್ಲಿಲ್ಲ ಕಣಕ್ಕ. ಓಗು."

"ನಿನ್ ಮೂಗು ಒರೆಸ್ದೋಳು ಕಣ್ಲಾ ನಾನು" ಅಂದಳು. ನಾನು ಕದಲಲಿಲ್ಲ. ಆಮೇಲೆ ದನಿ ತಗ್ಗಿಸಿದಳು. "ಆಗ್ಲಿ ಬುಡು, ಒಳಕ್ಕೆ ಬರಕಿಲ್ಲ. ಇಷ್ಟು ಹೇಳು ಸಾಕು. ಅವ್ವ ನನ್ನ ಕೇಳಿದ್ಲಾ?"

"ಇಲ್ಲ" ಅಂದೆ.

ಹೌದು ಅಂದರೆ ನನ್ನನ್ನು ತಳ್ಳಿಕೊಂಡು ಒಳಗೆ ಓಡುತ್ತಾಳೆ ಎಂದು ಹಾಗಂದೆನೇ? ಗೊತ್ತಿಲ್ಲ. ಹಾರವನ್ನು ನನ್ನ ಕೈಗೆ ಕೊಟ್ಟು ಅಕ್ಕ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಮತ್ತೆ ಅವಳನ್ನು ನೋಡಲಿಲ್ಲ.

ಕಾಮಾಲೆಯಾಗಿ ಅವಳು ಸತ್ತದ್ದು ನನಗೆ ತಿಳಿದದ್ದು ಕೋಟೆಯ ಸಂತೆಯಲ್ಲಿ, ಮಣ್ಣು ಮಾಡಿ ಎಷ್ಟೋ ದಿನವಾದ ಮೇಲೆ. ತಿಂಗಳುಗಟ್ಟಲೆ ಅವಳ ಸಮಾಧಿಯ ಕಡೆ ಹೋಗಲು ಕಾಲು ಬರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಹೋದೆ. ಸಮಾಧಿಗಳ ನಡುವೆ ಹೊಸ ಬಟ್ಟೆಯ ಜನ, ಹೂವು, ಮೇಣದಬತ್ತಿ. ಅದು ಈಸ್ಟರ್ ಹಬ್ಬವೆಂದು ನನಗೆ ಗೊತ್ತಿರಲಿಲ್ಲ. ಅಕ್ಕನ ಮಣ್ಣಿನ ಪಕ್ಕ ಅವಳ ಅತ್ತೆ ಕೂತಿದ್ದರು. ನಾನು ಯಾರೆಂದು ಹೇಳಹೊರಟೆ.

"ಗೊತ್ತಾಯ್ತದೆ ಬುಡು. ಅವಳ್ದೇ ಮೂಗು" ಅಂದರು.

"ಅಮ್ಮ, ಅವಳಿಗೊಂದು ಸುಳ್ಳು ಹೇಳಿದ್ದೆ..." ಎಂದು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

"ನಂಗೆ ಹೇಳಿ ಅಗುರ ಮಾಡ್ಕಬ್ಯಾಡ ಕಣಪ್ಪ. ಅವಳು ಎದ್ದು ಬಂದಾಗ ಅವಳ್ಗೇ ಹೇಳೀಯಂತೆ."

"ಸತ್ತೋರು ಎಲ್ಲಿ ಬತ್ತಾರಮ್ಮ?"

"ಸತ್ತ ಮೂರ್ನೇ ದಿನಕ್ಕೆ ಯೇಸಪ್ಪ ಎದ್ದು ಬರ್ನಿಲ್ವಾ? ಹೆಣಕ್ಕೆ ಪರಿಮಳ ಬಳಿಯಣ ಅಂತ ಎಂಗಸ್ರು ಓದ್ರೆ ಗೋರಿನೇ ಕಾಲಿ. ಯೇಸಪ್ಪನ್ನ ಹಿಡ್ಕಂಡೋದ ರಾತ್ರಿ, ಇವನ್ಯಾರೋ ನಂಗೊತ್ತೇ ಇಲ್ಲ ಅಂದಿದ್ನಲ್ಲ ಒಬ್ಬ ಶಿಷ್ಯ, ಅವನ್ನೂ ಹುಡುಕ್ಕಂಡು ಓದ. ಬಯ್ನಿಲ್ಲ ಕಣಪ್ಪ. ನೀರಿನ ದಡದಾಗೆ ಮೀನು ಸುಟ್ಟು, ಬಾ ಉಣ್ಣು ಅಂದ." ಮಣ್ಣಿನ ಮೇಲಿನ ಒಣ ಹುಲ್ಲನ್ನು ಕಿತ್ತುಹಾಕಿದರು. "ಮಣ್ಣಿಗೆ ಇಟ್ಟಿದ್ದೀವಿ ಅಂದ್ರೆ ಬಿಸಾಕಿದ್ದೀವಿ ಅಂತ ಅಲ್ಲ."

ನೀರು ಬಿಟ್ಟ ಮೇಲೆ ಮುಗಿಯಿತು ಎಂದೇ ನಾನು ಕಲಿತದ್ದು. ಸತ್ತವಳ ಮುಂದೆ ಇನ್ನೊಂದು ಬೆಳಗು ಇದೆ, ಆವತ್ತು ಅವಳು ನನ್ನ ಎದುರು ನಿಂತಾಳು ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಆ ಮುದುಕಿಯ ಮಾತು ನಿಜವಾದರೆ, ನಮ್ಮಿಬ್ಬರ ನಡುವೆ ಆ "ಇಲ್ಲ" ಕೊನೆಯ ಮಾತಲ್ಲ. ಸುಳ್ಳಾದರೆ... ಅದನ್ನು ಯೋಚಿಸಲು ಹೋಗುವುದಿಲ್ಲ.

ಈಗ ಅವರೂ ಇಲ್ಲ. ಅಕ್ಕನ ಪಕ್ಕದಲ್ಲೇ ಮಲಗಿದ್ದಾರೆ. ನಾನು ಆ ಧರ್ಮಕ್ಕೆ ಸೇರಿಲ್ಲ, ನನಗೆ ಪ್ರಾರ್ಥನೆಯೂ ಬರುವುದಿಲ್ಲ. ಈಸ್ಟರ್ ದಿನ ಮಾತ್ರ ತಪ್ಪದೆ ಹೋಗಿ, ಅವಳು ಎದ್ದು ಬಂದ ದಿನ ಬಾಯಿ ತಪ್ಪದಿರಲಿ ಎಂದು ಆ ಮಾತನ್ನು ಮೆಲ್ಲಗೆ ಹೇಳಿಕೊಳ್ಳುತ್ತೇನೆ. "ಅಕ್ಕ, ಅವ್ವ ನಿನ್ನ ಕೇಳಿದ್ಲು. ದಿನಾ ಕೇಳ್ತಿದ್ಲು, ನೀನು ಉಂಡ್ಯಾ ಅಂತ."

ಮಣ್ಣು ಹಾಗೇ ಇರುತ್ತದೆ. ಇನ್ನೂ ಸ್ವಲ್ಪ ಹೊತ್ತು ನೋಡುತ್ತೇನೆ... ಆಮೇಲೆ ಬಸ್ಸಿಗೆ ಹೊತ್ತಾಗುತ್ತದೆ.