ಮೂರು ಜಾಡಿಯ ಪಾಲು

ಸಿಂಗಾಪುರವೆಂಬ ಹಳ್ಳಿಯ ಚಿಕ್ಕಹನುಮಯ್ಯನವರ ಮನೆಯಲ್ಲಿ ವೈನು ಕುಡಿಯುವವರು ಬೇಕಾದಷ್ಟು ಜನರಿದ್ದರು. ಅದರ ರುಚಿ ಹೇಳುವವಳು ಒಬ್ಬಳೇ, ಎರಡನೇ ಸೊಸೆ ವೆಂಕಟಲಕ್ಷ್ಮಮ್ಮ. ಅವಳು ಕುಡಿಯುತ್ತಿರಲಿಲ್ಲ. ಒಂದು ಚಮಚ ಬಾಯಿಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ ನಿಂತು, ಕನಕಾಂಬರದ ಬುಡಕ್ಕೆ ಉಗುಳಿ, ಹೇಳಬೇಕಾದ್ದನ್ನು ಹೇಳಿ ಒಳಗೆ ಹೋಗುತ್ತಿದ್ದಳು. ಆ ಕನಕಾಂಬರ ಯಾವ ವರ್ಷವೂ ನೆಟ್ಟಗೆ ಹೂ ಬಿಡಲಿಲ್ಲ.

ಮಾವ ಚಿಕ್ಕಹನುಮಯ್ಯ ಚಿಕ್ಕ ವಯಸ್ಸಿನಲ್ಲಿ ಯಾರೋ ಪಾದ್ರಿಗಳ ತೋಟದಲ್ಲಿ ಮಾಲಿಯಾಗಿದ್ದು ಈ ವಿದ್ಯೆ ಕಲಿತವರು. ತಮ್ಮ ತೋಟದ ದ್ರಾಕ್ಷಿಯೆಲ್ಲ ಮಾರ್ಕೆಟ್ಟಿಗೆ ಹೋದ ಮೇಲೆ ಉಳಿದದ್ದನ್ನು ಹಿಸುಕಿ, ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ನೆಂಟರಿಗೆಂದು ಇಡುತ್ತಿದ್ದರು. ಅವರ ಗಂಡುಮಕ್ಕಳಿಗೆ ಹೊಗೆಸೊಪ್ಪು ಅಗಿದೂ ಅಗಿದೂ ನಾಲಿಗೆ ಜಡ್ಡುಗಟ್ಟಿತ್ತು. ಸೀಮೆಎಣ್ಣೆ ಕೊಟ್ಟರೂ ಚೆನ್ನಾಗಿದೆ ಅನ್ನುವವರು. ಐವತ್ತೇಳನೇ ಇಸವಿಯಲ್ಲಿ ಮದುವೆಯಾಗಿ ಬಂದ ಹೊಸ ಸೊಸೆ ಮೊದಲ ಚಮಚಕ್ಕೇ, "ಇದ್ನ ಉಪ್ಪಿನಕಾಯಿ ಜಾಡಿಗೆ ಆಕವ್ರೆ, ತೊಳೀದೆ" ಅಂದಳು. ಅತ್ತೆಯ ಮುಖ ಕಪ್ಪಿಟ್ಟಿತು. ಅಂದಿನಿಂದ ಅವಳು ಹೇಳದೆ ಮಾವ ಯಾವ ಜಾಡಿಯನ್ನೂ ಹೊರಗೆ ಕೊಡಲಿಲ್ಲ.

ಅವಳ ಮಾತಿಗೆ ದಾಕ್ಷಿಣ್ಯ ಗೊತ್ತಿರಲಿಲ್ಲ. ಗಂಡ ತೀರಿಕೊಂಡ ವರ್ಷವೂ, ವೈಕುಂಠ ಸಮಾರಾಧನೆಯಾದ ನಾಲ್ಕನೇ ದಿನ ಚಮಚ ಹಿಡಿದು, "ಈ ಸಲ ಬರೀ ಒಗರು" ಅಂದಳು. ನಿಜವಾಗಿಯೂ ಆ ಸಲ ಬರೀ ಒಗರೇ.

ಎಪ್ಪತ್ತೊಂಬತ್ತರಲ್ಲಿ ಮಾವನೂ ಹೋದ ಮೇಲೆ ಮನೆ ಪಾಲಿಗೆ ಬಂತು. ಹಿರಿಯವನು ಲಕ್ಕಣ್ಣ, ಕಿರಿಯವನು ಮುನಿರಾಮಯ್ಯ, ನಡುವೆ ಮದುವೆಗೆ ಬಂದ ಮಗಳನ್ನಿಟ್ಟುಕೊಂಡ ವೆಂಕಟಲಕ್ಷ್ಮಮ್ಮ. ತೋಟವನ್ನು ಮೂರು ತುಂಡು ಮಾಡಿದರು. ಯಾವುದು ಯಾರಿಗೆ ಅನ್ನುವುದು ಮಾತ್ರ ಬಗೆಹರಿಯಲಿಲ್ಲ, ಯಾವ ತುಂಡು ತೋರಿಸಿದರೂ ಪಕ್ಕದ್ದರ ಮಣ್ಣೇ ಚೆನ್ನಾಗಿ ಕಾಣುತ್ತಿತ್ತು. ಕೊನೆಗೆ ಲಕ್ಕಣ್ಣ ಒಂದು ಉಪಾಯ ಹುಡುಕಿದ. ಮೂರು ತುಂಡಿನ ಹಣ್ಣನ್ನೂ ಬೇರೆ ಬೇರೆ ಜಾಡಿಗೆ ಹಾಕುವುದು. ವೆಂಕಟಲಕ್ಷ್ಮಮ್ಮ ರುಚಿ ಹೇಳುವುದು. ಅದನ್ನು ಕೇಳಿ ಅಣ್ಣ ಮೊದಲು, ತಮ್ಮ ಆಮೇಲೆ ಒಂದೊಂದು ಜಾಡಿ ಆರಿಸಿಕೊಳ್ಳುವುದು. ಜಾಡಿಯ ಹಣ್ಣು ಯಾವ ತುಂಡಿನದೋ ಅದೇ ಅವರ ಪಾಲು, ಉಳಿದದ್ದು ಅವಳದು. ಯಾವ ಜಾಡಿ ಎಲ್ಲಿಯದು ಅನ್ನುವುದು ಹಣ್ಣಿನ ವ್ಯಾಪಾರಿ ಅತಾವುಲ್ಲಾ ಸಾಬರಿಗೆ ಮಾತ್ರ ಗೊತ್ತು. ವೈನು ಮುಟ್ಟದ ಮನುಷ್ಯ ಎಂದು ಅವರಿಗೆ ಒಪ್ಪಿಸಿದ್ದರು.

ಒಳ್ಳೆಯದನ್ನು ಕೆಟ್ಟದು ಅಂದುಬಿಟ್ಟರೆ ಅದು ತನಗೇ ಉಳಿಯುತ್ತದೆ, ಮಗಳ ಮದುವೆಗೂ ದಾರಿಯಾಗುತ್ತದೆ. ಇದು ವೆಂಕಟಲಕ್ಷ್ಮಮ್ಮನಿಗೆ ಹೊಳೆಯದೇನೂ ಇರಲಿಲ್ಲ. ಹೊಳೆಯಿತು, ನಾಚಿಕೆಯಾಯಿತು, ಅಲ್ಲಿಗೇ ಬಿಟ್ಟಳು.

ಮೊದಲ ಜಾಡಿಗೆ, "ನೆಂದ ಗೋಣಿಚೀಲ" ಅಂದಳು. ಎರಡನೆಯದಕ್ಕೆ, "ನೀರು ಮಜ್ಜಿಗೆ. ತಪ್ಪೇನಿಲ್ಲ, ರುಚೀನೂ ಇಲ್ಲ." ಮೂರನೆಯದನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತಳು. ಆಮೇಲೆ ಉಗುಳದೆ ನುಂಗಿದಳು. "ಮೊದ್ಲು ನೇರಳೆ, ಆಮೇಲೆ ಬೆಲ್ಲ, ಕೊನೇಗೆ ಸುಟ್ಟ ಕಡ್ಲೆಕಾಯಿ. ಇಂತಾದ್ದು ನಮ್ಮನೇಲಿ ಯಾವತ್ತೂ ಬಂದಿರ್ಲಿಲ್ಲ ಭಾವ."

ಅಣ್ಣತಮ್ಮಂದಿರು ಹುಲ್ಲಿನ ಮೆದೆಯ ಹಿಂದೆ ಹೋದರು. ಇಬ್ಬರಿಗೂ ಪಿಸುಗುಟ್ಟುವುದು ಬರುತ್ತಿರಲಿಲ್ಲ.

"ಉಳಿಯೋದು ಅತ್ತಿಗೇಗೆ ತಾನೇ? ಒಳ್ಳೇದ್ನ ನಮ್ಗ್ಯಾಕೆ ತೋರುಸ್ತಾರಣ್ಣ?"

"ಅದೇ ನಾನೂ ನೋಡ್ತಾ ಇವ್ನಿ ಕಣೋ. ನುಂಗಿ ಬೇರೆ ತೋರುಸ್ತಾವ್ಳೆ."

ಲಕ್ಕಣ್ಣ ಬಂದು ಗೋಣಿಚೀಲದ ಜಾಡಿ ಎತ್ತಿಕೊಂಡ. ಮುನಿರಾಮಯ್ಯ ಮಜ್ಜಿಗೆಯದು.

ಅತಾವುಲ್ಲಾ ಸಾಬರು ಗಡ್ಡ ನೀವಿಕೊಂಡು, "ಅಮ್ಮಾ, ನಿಮ್ದು ನಡುಮಧ್ಯದ ತುಂಡು. ಹದಿನೈದು ವರ್ಷದಿಂದ ನಾನು ಮೊದ್ಲು ಕೈ ಹಾಕೋದು ಅದ್ರ ಹಣ್ಣಿಗೇನೇ" ಅಂದರು. ಅಣ್ಣತಮ್ಮಂದಿರ ಮುಖ ನೋಡುವ ಹಾಗಿರಲಿಲ್ಲ.

ವೆಂಕಟಲಕ್ಷ್ಮಮ್ಮ ಭಾರಿ ಚಾಲಾಕಿ ಎಂದು ಊರು ಮೆಚ್ಚಿಕೊಂಡಿತು. ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಳು. ತೋಟ ಸಿಕ್ಕಿದ್ದು ಸಂತೋಷವೇ. ಇಪ್ಪತ್ತೆರಡು ವರ್ಷ ಒಂದೇ ಒಂದು ಚಮಚಕ್ಕೂ ಸುಳ್ಳು ಹೇಳಿರಲಿಲ್ಲ, ಅದನ್ನು ಕಂಡಿದ್ದವರೇ ನಂಬಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಮರುವರ್ಷ ಲಕ್ಕಣ್ಣ ತನ್ನ ಪಾಲಿನ ವೈನು ಹಿಡಿದು ಅವಳ ಬಾಗಿಲಿಗೇ ಬಂದ. "ಎಂಗೈತೆ ನೋಡಮ್ಮ. ನೀನು ಏಳ್ದೆ ನಂಗೆ ಗೊತ್ತಾಗಲ್ಲ."

ಅವಳು ಬಾಯಿಗೆ ಹಾಕಿಕೊಂಡಳು. ಹೋದ ವರ್ಷಕ್ಕಿಂತ ಕೆಟ್ಟಿತ್ತು. ಸಾವಕಾಶವಾಗಿ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡು, "ಚೆನ್ನಾಗೈತೆ ಭಾವ" ಅಂದಳು.

ಲಕ್ಕಣ್ಣ ತಕ್ಷಣ ನಂಬಿದ.