ಅಚ್ಚಿನ ಫಾರಮ್ಮು ಮತ್ತು ಅಪ್ಪನ ಕಣ್ಣಾಮುಚ್ಚಾಲೆ

ನಮ್ಮಪ್ಪ ಹಾಸನದಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಜಮೀನಿನ ಪತ್ರ ಬರೆಯುತ್ತಿದ್ದವರು. ಕ್ರಯವಾಗಲಿ, ಭಾಗವಾಗಲಿ, ಪೆನ್ನಿನ ಮುಚ್ಚಳ ತೆಗೆಯುವ ಮೊದಲು ಬಂದವರಿಗೆ ಕಣ್ಣು ಮುಚ್ಚಲು ಹೇಳುತ್ತಿದ್ದರು. "ಈಗ ಮನೆ ಬಾಗ್ಲಿಂದ ನಿಮ್ ಒಲದ ತಂಕ ನಡೀರಿ ನೋಡಾನ." ಬಂದವರು ಕೂತಲ್ಲೇ, ಮನಸ್ಸಿನಲ್ಲೇ ನಡೆಯುತ್ತ ದಾರಿಯ ಮರ, ಕಾಲುವೆ, ಪಕ್ಕದವರ ಕಣ ಎಲ್ಲ ಹೇಳಬೇಕು. ಒಂದು ಪತ್ರಕ್ಕೆ ಅರ್ಧ ದಿನ. ಅಪ್ಪನ ಜೊತೆಯಲ್ಲೇ ಬರೆಯುತ್ತಿದ್ದ ನನಗೆ ಆಗ ಇಪ್ಪತ್ತೆಂಟು, ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ಅಚ್ಚಿನ ಫಾರಮ್ಮು ಬಂತು. ಹೆಸರು, ಸರ್ವೆ ನಂಬರು, ಚೆಕ್ಕುಬಂದಿಗೆ, ಅಂದರೆ ಎಲ್ಲೆಯ ಗುರುತಿಗೆ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ನಾಲ್ಕು ಗೆರೆ. ತುಂಬಿದರೆ ಮುಗಿಯಿತು.

"ಇನ್ನು ನಿಮ್ಮ ಕಣ್ಣಾಮುಚ್ಚಾಲೆಗೆ ರಜಾ," ಎಂದು ಅಪ್ಪನನ್ನು ಛೇಡಿಸಿದೆ. ಅವರು ನಕ್ಕರು.

ಒಂದು ದಿನ ಕೊರವಂಗಲದ ಕಡೆಯಿಂದ ಒಬ್ಬ ವಿಧವೆ ಮೈದುನನ ಜೊತೆ ಭಾಗಪತ್ರಕ್ಕೆ ಬಂದಳು. ರಸ್ತೆ ಕಡೆಯ ಹೊಲ ಅವನಿಗೆ, ಅದರ ಹಿಂದಿನದು ಅವಳಿಗೆ. ಕಾಲು ಗಂಟೆಯಲ್ಲಿ ತುಂಬಿ ಗತ್ತಿನಿಂದ ಅಪ್ಪನ ಮುಂದಿಟ್ಟೆ. ಒಂದು ಅಕ್ಷರ ತಪ್ಪಿರಲಿಲ್ಲ. ಆದರೂ ಅಪ್ಪ ಅವಳ ಕಡೆ ತಿರುಗಿ, "ಕಣ್ಮುಚ್ಕೊ ತಾಯಿ, ನಡಿ," ಅಂದರು.

ಆಕೆ ಕಣ್ಣು ಮುಚ್ಚಿ, ಸೆರಗು ಬಿಗಿಹಿಡಿದು ಕೂತಲ್ಲೇ ಹೊರಟಳು. ಕೆರೆ ಏರಿ ದಾಟಿದಳು, ಹೊಂಗೆಮರ ದಾಟಿದಳು. ಮೈದುನನ ಬದುವಿಗೆ ಬಂದವಳು ಅಲ್ಲೇ ನಿಂತಳು.

"ಮುಂದಕ್ಕೆ?"

"ಮುಂದಕ್ಕೆ ಅವರ್ದಲ್ವಾ ಸಾಮಿ, ಎಂಗೋಗ್ಲಿ?" ಎಂದು ಗಾಬರಿಯಿಂದ ಕಣ್ಣು ಬಿಟ್ಟಳು.

ನನಗೆ ನಾಚಿಕೆಯಾಯಿತು. ನಾಲ್ಕು ಗೆರೆ ತುಂಬಿ, ನಾಲ್ಕು ದಿಕ್ಕಿನಿಂದಲೂ ಅವಳ ಹೊಲಕ್ಕೆ ಬೇಲಿ ಹಾಕಿಬಿಟ್ಟಿದ್ದೆ. ಗಾಡಿ ಹೋಗದಿದ್ದರೆ ಅವಳು ಬೇಸಾಯ ಮಾಡುವುದು ಹೇಗೆ?

"ಓಡಾಡಿ ಅತ್ತಿಗೆ, ನಾನೇನ್ ಬ್ಯಾಡ ಅಂದ್ನಾ?" ಎಂದ ಮೈದುನ.

"ನೀ ಅನ್ನಲ್ಲ ಕಣಪ್ಪ, ನಾಳೆ ನಿನ್ ಮಕ್ಳು ಅಂದ್ರೆ?" ಎನ್ನುತ್ತ ಅಪ್ಪ ಅವನ ಹೊಲದಲ್ಲಿ ಗಾಡಿಯಗಲದ ದಾರಿಯನ್ನು ಫಾರಮ್ಮಿನ ಹಿಂಬದಿಯಲ್ಲಿ ಬರೆದು, ಇಬ್ಬರಿಂದಲೂ ಹೆಬ್ಬೆಟ್ಟು ಒತ್ತಿಸಿದರು. ನನ್ನನ್ನು ಬೈಯಲೂ ಇಲ್ಲ. ಅಂಥ ಅಪ್ಪ ಅವರು.

ನಾನೂ ಬಿಡಲಿಲ್ಲ. ಮರುತಿಂಗಳು ಪ್ರೆಸ್ಸಿಗೆ ಹೋಗಿ, 'ದಾರಿ' ಎಂದು ಐದನೆಯ ಗೆರೆ ಸೇರಿಸಿ ಅಚ್ಚು ಹಾಕಿಸಿಕೊಂಡು ಬಂದೆ. ಅಪ್ಪ ಕನ್ನಡಕ ಏರಿಸಿ ಪೂರ್ತಿ ಓದಿದರು.

"ಚೆನ್ನಾಗದೆ ಕಣ್ಲಾ," ಅಂದರು. "ಬಾವಿ ನೀರಿನ ಪಾಲಿಗೆ ಗೆರೆ ಎಲ್ಲಿ?"

ಎದುರಿಗೆ ಆಗಲೇ ಒಬ್ಬ ರೈತ ಬಂದು ಕೂತಿದ್ದ. ನಾನು ಪೆನ್ನಿಗೆ ಮುಚ್ಚಳ ಹಾಕಿ, ಅವನಿಗೆ ಕಣ್ಣು ಮುಚ್ಚಲು ಹೇಳಿದೆ.